ಅಣ್ಣನ ಕೋಟು ತೊಟ್ಟವನು

"ಆ ಕೋಟು ಬಿಚ್ಚು."

ಕನ್ನಡಿಯ ಮುಂದೆ ನಿಂತಿದ್ದವನು ತಿರುಗಿ ನೋಡಿದ. ಬಾಗಿಲಲ್ಲಿ ರೊವೀನಾ ನಿಂತಿದ್ದಳು. ಒಂದು ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಇನ್ನೊಂದರಲ್ಲಿ ಬಿಸಿ ಕಾಫಿ. ಆ ಕಾಫಿ ಇನ್ನೇನು ಅವನ ಮುಖಕ್ಕೆ ಬಿತ್ತು ಅನ್ನುವ ಹಾಗಿತ್ತು ಅವಳ ನಿಲುವು.

"ನಿಂಗೇ ಹೇಳ್ತಿರೋದು. ಅದು ನಮ್ಮಣ್ಣನ ಕೋಟು."

ಕೆಂಪು ಕೋಟು. ಬೆನ್ನ ಮೇಲೆ ಚಮಕಿಯಲ್ಲಿ 'ಬಾಯ್ಡ್' ಎಂದು ಅವಳ ಅಮ್ಮನೇ ಕೂತು ಹೊಲಿದದ್ದು. ಅದರೊಳಗೆ ಈಗ ಯಾವನೋ ಗುರುತಿಲ್ಲದವನು ತೂರಿಕೊಂಡಿದ್ದಾನೆ. ಅದೂ ಶೋ ಶುರುವಾಗಲು ಅರ್ಧ ಗಂಟೆ ಇರುವಾಗ...

"ಬಿಚ್ಚೋಕೆ ನಂಗೇನೂ ಬೇಜಾರಿಲ್ಲ," ಎಂದ ಅವನು, ತೋಳನ್ನು ಮುಂದೆ ಚಾಚಿ ತೋರಿಸುತ್ತ. "ತೋಳು ಗಿಡ್ಡ, ಕಂಕುಳಲ್ಲಿ ಬಿಗಿ. ಆದ್ರೆ ಹಾಕ್ಕೋ ಅಂದಿದ್ದು ನಿಮ್ಮಪ್ಪ. ಮೊದ್ಲು ನೀವು ಅಪ್ಪ ಮಗಳು ಒಂದು ಮಾತಿಗೆ ಬನ್ನಿ, ಆಮೇಲೆ ನಾನು ಬಿಚ್ಚೋದೋ ಹಾಕೋದೋ ನೋಡೋಣ."

ಎಷ್ಟು ಪೊಗರು ಇವನಿಗೆ! ರೊವೀನಾಗೆ ಮೈಯೆಲ್ಲ ಉರಿಯಿತು. ಆದರೆ ಆ ಹುಡುಗನ ಕಣ್ಣಲ್ಲಿ ಪೊಗರಿರಲಿಲ್ಲ, ಬರೀ ಗಾಬರಿ ಇತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಪ್ಪ ಹಾರ್ಲನ್ ಟ್ಯಾಕೆಟ್ ಬ್ಯಾಂಜೋ ತಬ್ಬಿಕೊಂಡು ಒಳಗೆ ಬಂದವರು ಮಗಳ ಮುಖ ನೋಡದೆ ವಿಷಯ ಹೇಳಿ ಮುಗಿಸಿದರು. ಬಾಯ್ಡ್ ನಿನ್ನೆ ಫ್ಲಾರಿಡಾದಿಂದ ಫೋನ್ ಮಾಡಿದ್ದಾನೆ. ಯಾವುದೋ ವಿಹಾರದ ಹಡಗಿನಲ್ಲಿ ಹಾಡುವ ಕೆಲಸ ಸಿಕ್ಕಿದೆಯಂತೆ, ಈ ಸೀಸನ್ನಿಗೆ ಬರುವುದಿಲ್ಲವಂತೆ. ಹೊರಗೆ ಆಗಲೇ ಅಯೋವಾದಿಂದ ಆಟ ನೋಡಲು ಬಂದವರ ಬಸ್ಸುಗಳು ಬಂದು ನಿಂತಿವೆ. ಈ ಹುಡುಗ ಎಮೆಟ್ ಸ್ಟ್ರೌಡ್, ಕೆರೆಯ ಊಟದ ದೋಣಿಯಲ್ಲಿ ಊಟ ಬಡಿಸುತ್ತ ಹಾಡುತ್ತಿದ್ದವನು. ದನಿ ಚೆನ್ನಾಗಿದೆ.

"ದನಿ ಚೆನ್ನಾಗಿದ್ರೆ ಅವನ ಹೆಸರಲ್ಲೇ ಹಾಡ್ಲಿ. ಅಣ್ಣನ ಹೆಸರು ಯಾಕೆ?"

"ಹೊರಗೆ ಬೋರ್ಡ್ ಓದಿದೀಯಾ ನೀನು?" ಅಂದರು ಅಪ್ಪ.

ಓದದೆ ಏನು? ಹುಟ್ಟಿದಾಗಿನಿಂದ ಓದುತ್ತಿದ್ದಾಳೆ. 'ಟ್ಯಾಕೆಟ್ ಕುಟುಂಬ: ನಾಲ್ಕು ದನಿ, ಒಂದೇ ರಕ್ತ.' ಬ್ರ್ಯಾನ್ಸನ್ ಊರಿನ ಆ ಒಂದೇ ರಸ್ತೆಯ ಉದ್ದಕ್ಕೂ ದೊಡ್ಡ ದೊಡ್ಡ ಹೆಸರಿನ ಥಿಯೇಟರುಗಳಿವೆ. ಜಾದೂಗಾರರಿದ್ದಾರೆ, ತಂತಿಯ ಮೇಲೆ ನಡೆಯುವವರಿದ್ದಾರೆ, ಮೇಣದ ಬೊಂಬೆಗಳಿವೆ, ಮಕ್ಕಳ ಗಾಲ್ಫ್ ಇದೆ. ಟ್ಯಾಕೆಟ್ ಕುಟುಂಬಕ್ಕೆ ಇರುವುದು ಬೆಳಿಗ್ಗೆ ಹತ್ತರ ಆಟ, ಐನೂರು ಕುರ್ಚಿ, ಮತ್ತು ಆ ಒಂದು ಸಾಲು.

ಆ ಬೆಟ್ಟಸೀಮೆಯ ಜನರಿಗೆ ಒಂದು ನಂಬಿಕೆ ಉಂಟು. ಒಡಹುಟ್ಟಿದವರ ದನಿ ಕೂಡಿದರೆ ಅದರ ರುಚಿಯೇ ಬೇರೆ, ರಕ್ತ ರಕ್ತವನ್ನು ಗುರುತು ಹಿಡಿಯುತ್ತದೆ, ಎಷ್ಟೇ ಕಲಿತರೂ ಹೊರಗಿನವರಿಗೆ ಅದು ಒಲಿಯುವುದಿಲ್ಲ ಅಂತ. ಬಸ್ಸಿನ ಅಜ್ಜಿಯರು ದೂರದಿಂದ ಬರುವುದೇ ಅದನ್ನು ಕೇಳುವುದಕ್ಕೆ.

"ಒಂದು ವಾರ," ಎಂದಳು ರೊವೀನಾ. "ಒಂದೇ ವಾರ. ಅಷ್ಟರಲ್ಲಿ ಅಣ್ಣನ್ನ ವಾಪಸ್ ಕರೆಸಿ."

ಶೋ ನಿಲ್ಲಬಾರದು. ಅವಳಿಗೆ ಇದ್ದದ್ದು ಅದೊಂದೇ ಹಟ. ಅಜ್ಜ ಕಟ್ಟಿದ ಥಿಯೇಟರು ತನ್ನ ಕಾಲದಲ್ಲಿ ಬಾಗಿಲು ಹಾಕಬಾರದು. ಅದಕ್ಕೆ ಅವಳು ಮೈಕಿನ ಮುಂದೆ ನಿಂತು, ಹಲ್ಲು ಕಚ್ಚಿ, ನಗುತ್ತ, ಐನೂರು ಜನಕ್ಕೆ ಹೇಳಿದಳು: "ಇವನು ನಮ್ಮಣ್ಣ ಬಾಯ್ಡ್."

ಅಗಲವಾದ ಟೋಪಿಯ ಕೆಳಗೆ ಆ ಹುಡುಗ ಬೆವರುತ್ತಿದ್ದ. ಮೊದಲ ಭಕ್ತಿಗೀತೆ ಎತ್ತಿಕೊಂಡರು. ಅಪ್ಪನ ದನಿ, ಅಮ್ಮನ ದನಿ, ಅವಳದು... ಕೊನೆಗೆ ಅವನದು ಬಂದು ಸೇರಿತು.

ರೊವೀನಾ ತಿರುಗಿ ಅವನನ್ನು ನೋಡಿದಳು. ಬಾಯ್ಡ್ ಜೊತೆ ಹಾಡುವಾಗ ಅವಳು ಯಾವಾಗಲೂ ಅವನ ದನಿಯನ್ನು ಎಳೆದುಕೊಂಡು ಹೋಗಬೇಕಿತ್ತು. ಇವನದು ತಾನೇ ಬಂದು ಪಕ್ಕದಲ್ಲಿ ಕೂತಿತು. ಎಲ್ಲಿ ಅವಳು ಉಸಿರು ತೆಗೆದುಕೊಂಡಳೋ ಅಲ್ಲಿ ಅವನೂ ತೆಗೆದುಕೊಂಡ.

ಆಟ ಮುಗಿದ ಮೇಲೆ ಹಾಡಿದವರೆಲ್ಲ ಲಾಬಿಯಲ್ಲಿ ಸಾಲಾಗಿ ನಿಂತು ಜನರ ಕೈ ಕುಲುಕಬೇಕು. ಅದು ಆ ಊರಿನ ರೂಢಿ. ಸಾಲಿನಲ್ಲಿ ಮೊದಲು ಬಂದವರು ಆರ್ಡಿತ್ ಅಜ್ಜಿ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ ನವೆಂಬರಿನಲ್ಲೊಮ್ಮೆ, ಅಯೋವಾದಿಂದ ಬಸ್ಸು ಹತ್ತಿ ಬರುವವರು. ಬಂದಾಗೆಲ್ಲ ಎರಡು ದಿನ ಬರುತ್ತಾರೆ. ಒಂದು ದಿನ ನೋಡುವುದಕ್ಕೆ, ಇನ್ನೊಂದು ದಿನ ಕಣ್ಣು ಮುಚ್ಚಿ ಕೇಳುವುದಕ್ಕೆ.

"ಬಾಯ್ಡ್, ತೆಳ್ಳಗಾಗಿದೀಯಲ್ಲೋ. ನಿಮ್ಮಮ್ಮ ಊಟ ಹಾಕ್ತಿಲ್ವಾ?" ಎಂದು ಅಜ್ಜಿ ದಪ್ಪ ಕನ್ನಡಕದೊಳಗಿಂದ ನೋಡಿದರು. "ಆದ್ರೂ ಈ ವರ್ಷ ಹಾಡಿದ್ರಲ್ಲ, ಹಾಗೆ ಯಾವತ್ತೂ ಹಾಡಿರ್ಲಿಲ್ಲ. ರಕ್ತ ಅಂದ್ರೆ ರಕ್ತ ಕಣಪ್ಪ."

ಇಬ್ಬರನ್ನೂ ಒತ್ತಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಜನ ಮುಖ ನೋಡುವುದಕ್ಕಿಂತ ಬೋರ್ಡು ನೋಡುವುದೇ ಹೆಚ್ಚು, ಏನು ಮಾಡುವುದು.

ಒಂದು ವಾರ ಎರಡಾಯಿತು. ಬೇಸಿಗೆಯೂ ಬಂತು. ಬಾಯ್ಡ್ ಬರಲಿಲ್ಲ.

ಆ ಶೋನಲ್ಲಿ ಹೆಂಡದ ಮಾತಿಲ್ಲ, ಪೋಲಿ ಜೋಕಿಲ್ಲ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುವ ಆಟ ಅದು. ನಗಿಸುವುದಕ್ಕೆ ಇದ್ದದ್ದು ಅಣ್ಣ ತಂಗಿಯ ಜಗಳ ಒಂದೇ. ಬಾಯ್ಡ್ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದ. ಎಮೆಟ್ ಒಂದು ದಿನ ಇದ್ದಕ್ಕಿದ್ದಂತೆ, ಚಿಕ್ಕವಳಿದ್ದಾಗ ಇವಳು ಸಾಕಿದ ಮೇಕೆ ಚರ್ಚಿನ ಹಾಡಿನ ಪುಸ್ತಕ ತಿಂದುಬಿಟ್ಟಿತು, ಅದಕ್ಕೇ ಇವಳಿಗೆ ಎರಡನೇ ಚರಣ ನೆನಪಿರುವುದಿಲ್ಲ ಎಂದುಬಿಟ್ಟ. ಮೇಕೆಗೆ ಪುಸ್ತಕ ಹಾಕಿದವನು ಯಾರು ಅಂತ ಹೇಳಿದರೆ ಅಪ್ಪ ಈಗಲೂ ಬೆಲ್ಟು ಬಿಚ್ಚುತ್ತಾರೆ ಎಂದಳು ಅವಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದಿನಕ್ಕೊಂದು ಹೀಗೆ ಸೇರಿಸುತ್ತ ಸೇರಿಸುತ್ತ, ಇಬ್ಬರೂ ಇಲ್ಲದ ಬಾಲ್ಯವೊಂದನ್ನು ಕಟ್ಟಿಬಿಟ್ಟರು. ಇವನು ನಿಜವಾಗಿಯೂ ಜೊತೆಯಲ್ಲಿ ಬೆಳೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅವಳಿಗೆ ಅನಿಸುತ್ತಿತ್ತು. ಮರುಕ್ಷಣವೇ, ಬೇಡಪ್ಪ ದೇವರೇ, ಹಾಗಾಗಿದ್ದರೆ ಅಣ್ಣನೇ ಆಗಿಬಿಡುತ್ತಿದ್ದನಲ್ಲ, ಎಂದು ಎದೆ ಧಸಕ್ಕೆನ್ನುತ್ತಿತ್ತು.

ಮೊದಲ ಸಲ ಹಾಗೆ ಎದೆ ಧಸಕ್ಕೆಂದ ದಿನವೇ ಅವಳಿಗೆ ತನ್ನ ಗತಿ ಗೊತ್ತಾಯಿತು.

ಊರಿನ ಹಾಡುಗಾರರಿಗೆಲ್ಲ ಗುಟ್ಟು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ಅದು ಅಲ್ಲಿನ ಮರ್ಯಾದೆ. ಆದರೆ ರಸ್ತೆಯ ತುಂಬ ಬಸ್ಸಿನ ಜನ. ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತರೆ ಪಕ್ಕದ ಮೇಜಿನವರು ಅಣ್ಣ ತಂಗಿ ಎಷ್ಟು ಅನ್ಯೋನ್ಯ ಎಂದು ಕೊಂಡಾಡುತ್ತಿದ್ದರು. ಕೆರೆಯ ದಂಡೆಯಲ್ಲಿ ಒಂದು ಸೋಮವಾರ ಎಮೆಟ್ ಮೊದಲ ಸಲ ಅವಳ ಕೈ ಹಿಡಿದ. ಇನ್ನೂ ಬೆರಳಿಗೆ ಬೆರಳು ಕೂಡಿರಲಿಲ್ಲ, ಹಿಂದಿನಿಂದ ಯಾರೋ ಹೆಂಗಸು "ಬಾಯ್ಡ್, ರೊವೀನಾ" ಎಂದು ಕೂಗುತ್ತ ಕ್ಯಾಮರಾ ಹಿಡಿದು ಓಡಿಬಂದಳು. ತಂಗಿಯ ಹೆಗಲ ಮೇಲೆ ಕೈ ಹಾಕಪ್ಪ ಎಂದಳು. ಅವನು ಹಾಕಿದ.

ಆಕೆ ಹೋದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ದಂಡೆಯ ಮೇಲೆ ಕೂತರು.

"ನಿನ್ನಣ್ಣ ಆಗಿರೋದು ನಂಗೆ ಸಾಕಾಯ್ತು, ರೊವೀನಾ," ಎಂದ ಅವನು ಮೆಲ್ಲಗೆ.

ಅವಳು ಅವನ ತೋಳಿಗೆ ಹಣೆ ಒತ್ತಿ ಕೂತಳು. ಆದರೆ ಒಂದು ಕಣ್ಣು ದಾರಿಯ ಮೇಲೇ ಇತ್ತು, ಪಾಪ.

ಅಕ್ಟೋಬರಿನಲ್ಲಿ ಬೆಟ್ಟಗಳು ಕೆಂಪಾದವು. ಆಗ ಎಮೆಟ್ ಅವಳಲ್ಲಿ ಒಂದೇ ಒಂದು ಬೇಡಿಕೆ ಇಟ್ಟ. ನವೆಂಬರಿನಲ್ಲಿ ಅವನ ಅಮ್ಮ ನೆಟ್ಟಿ ಆರ್ಕನ್ಸಾದಿಂದ ಚರ್ಚಿನ ಬಸ್ಸಿನಲ್ಲಿ ಶೋ ನೋಡಲು ಬರುತ್ತಾಳೆ. ಮಗ ದೊಡ್ಡ ವೇದಿಕೆಯ ಮೇಲೆ ಹಾಡುವುದನ್ನು ಅವಳು ಒಮ್ಮೆಯೂ ನೋಡಿಲ್ಲ.

"ನಾನು ಹಾಡ್ತೀನಿ ಅಂತ ಅಮ್ಮಂಗೆ ಗೊತ್ತು. ಯಾರ ಹೆಸರಲ್ಲಿ ಅಂತ ಗೊತ್ತಿಲ್ಲ," ಎಂದ. "ಹೇಳೋಕೆ ಬಾಯಿ ಬರ್ಲಿಲ್ಲ. ಅವತ್ತೊಂದು ದಿನ ನನ್ನ ಹೆಸರು ಹೇಳ್ತೀಯಾ?"

"ಹೇಳ್ತೀನಿ."

"ನಿಮ್ಮಪ್ಪ?"

"ಮೈಕ್ ನನ್ನ ಕೈಲಿರುತ್ತೆ, ಅಪ್ಪನ ಕೈಲಲ್ಲ. ಹೇಳ್ತೀನಿ ಅಂದ್ನಲ್ಲ."

ಹೇಳುವ ಮನಸ್ಸು ಅವಳಿಗೆ ನಿಜವಾಗಿಯೂ ಇತ್ತು. ಅದನ್ನು ನೀವು ನಂಬಬೇಕು. ಆದರೆ ಅಪ್ಪನಿಗೆ ಮೊದಲೇ ಹೇಳಿ ಒಪ್ಪಿಸುತ್ತೇನೆ ಅಂದುಕೊಂಡವಳು, ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದಳು.

ಆ ದಿನ ಬಂದೇ ಬಂತು. ಪರದೆ ಏಳುವ ಮೊದಲು ಅಪ್ಪ ಅವಳ ಕಿವಿಯಲ್ಲಿ ಉಸುರಿದರು. ಮುಂದಿನ ಸಾಲಿನ ತುದಿಯಲ್ಲಿ ಬೂದು ಕೋಟಿನವರು ಕೂತಿದ್ದಾರಲ್ಲ, ಮುಂದಿನ ವರ್ಷ ಬಸ್ಸುಗಳು ನಮ್ಮಲ್ಲಿಗೆ ಬರಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಅವರೇ. ಒಂದು ತಪ್ಪೂ ಆಗಬಾರದು.

ರೊವೀನಾ ಮೈಕಿನ ಮುಂದೆ ನಿಂತಳು. ಅಪ್ಪನನ್ನು ಪರಿಚಯಿಸಿದಳು. ಪಿಯಾನೋ ಮುಂದೆ ಕೂತ ಅಮ್ಮ ಇಮೊಜೀನಳನ್ನು ಪರಿಚಯಿಸಿದಳು. ಆಮೇಲೆ ಎಮೆಟ್ ಕಡೆ ತಿರುಗಿದಳು. ಅವನು ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಅಷ್ಟು ದಿನದಲ್ಲಿ ಟೋಪಿ ತೆಗೆದು ನಿಂತದ್ದು ಅದೇ ಮೊದಲು. ಅಮ್ಮನಿಗೆ ಮುಖ ಕಾಣಲಿ ಅಂತ.

ಹೇಳು... ಹೇಳಿಬಿಡು ರೊವೀನಾ...

ಬೂದು ಕೋಟಿನವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

"ಇವನು... ನಮ್ಮಣ್ಣ ಬಾಯ್ಡ್."

ಎಮೆಟ್ ಒಂದು ಗಳಿಗೆ ಅವಳನ್ನೇ ನೋಡಿದ. ನಂತರ ಟೋಪಿ ಹಾಕಿಕೊಂಡು ಯಾವತ್ತಿನಂತೆ ಬಗ್ಗಿ ವಂದಿಸಿದ. ಯಾವತ್ತಿಗಿಂತ ಚೆನ್ನಾಗಿ ಹಾಡಿದ.

ಲಾಬಿಯಲ್ಲಿ ಜನ ಸಾಲಾಗಿ ಬರತೊಡಗಿದರು. ನೀಲಿ ಸ್ವೆಟರಿನ ಒಬ್ಬ ಹೆಂಗಸು ಹತ್ತಿರ ಬಂದಾಗ ಪಕ್ಕದಲ್ಲಿದ್ದ ಎಮೆಟ್ ಕಲ್ಲಿನ ಹಾಗೆ ಸೆಟೆದು ನಿಂತದ್ದು ರೊವೀನಾಗೆ ಗೊತ್ತಾಯಿತು. ಅದೇ ಗಲ್ಲ, ಅದೇ ಕಣ್ಣು. ಯಾರೂ ಹೇಳಬೇಕಾಗಿರಲಿಲ್ಲ.

ಆ ತಾಯಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮಣ್ಣ ಬಹಳ ಚೆನ್ನಾಗಿ ಹಾಡ್ತಾರಮ್ಮ," ಎಂದಳು. "ಹೆತ್ತ ಹೊಟ್ಟೆ ತಣ್ಣಗಿರ್ಲಿ."

ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಮಗನ ಕೈ ಕುಲುಕಿದಳು. ಯಾರೋ ಹೊರಗಿನವನ ಕೈ ಕುಲುಕುವ ಹಾಗೆ. "ಥ್ಯಾಂಕ್ಸ್, ಬಾಯ್ಡ್," ಎಂದು ಹೇಳಿ ಬಾಗಿಲ ಕಡೆ ನಡೆದಳು. ಹಿಂದೆಯೇ ಆರ್ಡಿತ್ ಅಜ್ಜಿ ಕ್ಯಾಮರಾ ಹಿಡಿದು ನಿಂತಿದ್ದರು, ಫೋಟೋಕ್ಕೆ ನಗಿ ನಗಿ ಎನ್ನುತ್ತ.

ಅವನು ನಕ್ಕ. ಅವಳೂ ನಕ್ಕಳು.

ಒಳಗೆ ಹೋಗಿ ನೋಡಿದರೆ ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಅವಳು ಮಾತಾಡಲು ಹೋದಳು, ಅವನು ಬಿಡಲಿಲ್ಲ.

"ಹೇಳೋ ಮನಸ್ಸೇ ನಿಂಗಿರ್ಲಿಲ್ಲ ಅಲ್ವಾ? ಇಲ್ಲ ಅಂದಿದ್ರೆ ನಾನು ಅಮ್ಮನ್ನ ಬರ್ಬೇಡ ಅಂತಿದ್ದೆ. ಅಷ್ಟೇ ತಾನೆ."

"ಎಮೆಟ್, ಹಾಗಲ್ಲ. ಕೇಳು..."

"ನೋಡು, ಇಲ್ಲಿ ಯಾರೂ ಇಲ್ದಾಗ ನನ್ನ ಹೆಸರು ನಿಂಗೆ ಎಷ್ಟು ಸಲೀಸಾಗಿ ಬರುತ್ತೆ," ಎಂದು ಅವನು ಹೊರಟುಹೋದ.

ಆ ಸಂಜೆ ಊಟದ ಮೇಜಿನಲ್ಲಿ ರೊವೀನಾ ಅಪ್ಪನಿಗೆ ನೇರವಾಗಿ ಹೇಳಿದಳು. ನಾಳೆ ವೇದಿಕೆಯ ಮೇಲೆ ನಿಜ ಹೇಳುತ್ತೇನೆ, ಎಲ್ಲವನ್ನೂ.

ಹಾರ್ಲನ್ ಸಿಟ್ಟಿನಿಂದ ಕೆಂಪಾದರು. ಬೂದು ಕೋಟಿನವನು ಮೆಚ್ಚಿಕೊಂಡು ಹೋಗಿದ್ದಾನೆ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡ ಎಂದರು. ಸುಳ್ಳಿನಿಂದ ಹೋದದ್ದು ಆ ಹುಡುಗನ ಹೆಸರು, ನಮ್ಮದಲ್ಲವಲ್ಲ ಎಂದರು. ನೀನು ಬಾಯಿ ಬಿಟ್ಟರೆ ನಾನು ವೇದಿಕೆ ಹತ್ತುವುದಿಲ್ಲ ಎಂದರು.

"ಹತ್ಬೇಡಿ," ಎಂದಳು ಅವಳು. "ನಾನೊಬ್ಳೇ ಹತ್ತೀನಿ. ಶೋ ನಿಲ್ಬಾರ್ದು ಅಂತ ನಿಮಗಿಂತ ಜಾಸ್ತಿ ನಂಗಿದೆ ಅಪ್ಪ. ಆದ್ರೆ ಹೆತ್ತೋಳ ಕೈಲಿ ಮಗನಿಗೆ ಬೇರೆಯವರ ಹೆಸರು ಹೇಳ್ಸಿದ ಶೋ ಅದು. ಅದನ್ನ ನಡ್ಸೋಕೆ ನನ್ನ ಕೈಲಾಗಲ್ಲ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಅಮ್ಮ ಆಗ ಬಾಯಿ ತೆರೆದಳು. ಇಮೊಜೀನ್ ಗಂಡನಿಗೆ ಎದುರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ನನ್ನ ಮಗನ್ನ ನೆನೆದು ಅಳೋಕೂ ನೀವು ಬಿಡ್ಲಿಲ್ಲ, ಹಾರ್ಲನ್. ಮಗ ಇಲ್ಲೇ ಇದಾನಲ್ಲ ಅಂತ ದಿನಾ ಬೆಳಿಗ್ಗೆ ನಗಬೇಕಾಯ್ತು. ಅವಳು ಹೇಳ್ಲಿ ಬಿಡಿ."

ಹಾರ್ಲನ್ ತಟ್ಟೆ ದೂಡಿ ಎದ್ದುಹೋದರು.

ಮರುದಿನ ಹತ್ತು ಗಂಟೆ. ರೊವೀನಾ ವೇದಿಕೆಯ ಮೇಲೆ ಬಂದಾಗ ಪಿಯಾನೋ ಮುಂದೆ ಅಮ್ಮ ಇದ್ದಳು. ಅಪ್ಪನ ಜಾಗ ಖಾಲಿ ಇತ್ತು. ಎಮೆಟ್ ಜಾಗವೂ ಖಾಲಿ. ಎರಡನೇ ಸಾಲಿನಲ್ಲಿ ಆರ್ಡಿತ್ ಅಜ್ಜಿ ಆಗಲೇ ಕಣ್ಣು ಮುಚ್ಚಿ ಕೂತಿದ್ದರು, ಕೇಳುವ ದಿನವಲ್ಲವೇ.

ಅವಳು ಮೈಕು ಕೈಗೆತ್ತಿಕೊಂಡಳು. ದನಿ ನಡುಗಲಿಲ್ಲ.

"ನಾಲ್ಕು ದನಿ, ಒಂದೇ ರಕ್ತ ಅಂತ ಓದ್ಕೊಂಡು ಒಳಗೆ ಬಂದಿದೀರ. ಅದು ಸುಳ್ಳು," ಎಂದಳು. "ನಮ್ಮಣ್ಣ ಮೇ ತಿಂಗಳಲ್ಲೇ ಬಿಟ್ಟುಹೋದ. ಇಷ್ಟು ದಿನ ಅವನ ಕೋಟು ಹಾಕ್ಕೊಂಡು ನಿಮಗೆ ಹಾಡಿದ್ದು ಬೇರೆಯವರು. ಅವರ ಹೆಸರು ಎಮೆಟ್ ಸ್ಟ್ರೌಡ್. ಆರ್ಕನ್ಸಾದ ನೆಟ್ಟಿ ಸ್ಟ್ರೌಡ್ ಅವರ ಮಗ. ನಿನ್ನೆ ಆ ತಾಯಿ ಇಲ್ಲೇ ಕೂತಿದ್ರು. ಅವರ ಮುಂದೇನೇ ನಾನು ಸುಳ್ಳು ಹೇಳ್ದೆ."

ರೊವೀನಾ ಪಕ್ಕದ ಖಾಲಿ ಜಾಗದ ಕಡೆ ಕೈ ತೋರಿಸಿದಳು.

"ಅವರು ನನ್ನ ಅಣ್ಣ ಅಲ್ಲ. ನಾನು ಅವರನ್ನ ಪ್ರೀತಿಸ್ತೀನಿ. ಇಷ್ಟು ಕೇಳಿದ್ಮೇಲೂ ನಿಮಗೆ ಹಾಡು ಬೇಕು ಅನ್ಸಿದ್ರೆ, ಹಾಡ್ತೀವಿ."

ಹಿಂದಿನ ಸಾಲಿನಲ್ಲಿ ಒಂದು ಕುಟುಂಬ ಎದ್ದು ಹೊರಗೆ ನಡೆಯಿತು. ಅವರ ಹಿಂದೆ ಇನ್ನೂ ಕೆಲವರು. ಯಾರೋ ಮೋಸ ಎಂದು ಗೊಣಗಿದ್ದೂ ಕೇಳಿಸಿತು. ರೊವೀನಾ ಮೈಕು ಬಿಡಲಿಲ್ಲ.

ಆಗ ಆರ್ಡಿತ್ ಅಜ್ಜಿ ಎದ್ದು ನಿಂತರು. ಸಿಟ್ಟಿನಿಂದ ಮುಖ ಸಿಡಿಯುವ ಹಾಗಿತ್ತು.

"ನಿಮ್ಮಿಬ್ರ ಫೋಟೋ ನನ್ನ ಫ್ರಿಜ್ ಮೇಲೆ ಅಂಟಿಸಿದೀನಿ," ಎಂದರು ಅಜ್ಜಿ. "ನನ್ನ ಮಕ್ಕಳು ಕಿತ್ತಾಡಿದಾಗೆಲ್ಲ, ಒಡಹುಟ್ಟಿದೋರು ಹೇಗಿರ್ಬೇಕು ನೋಡಿ ಕಲೀರಿ ಅಂತ ಬೈದಿದೀನಿ. ಈಗ ನಾನು ಅವರಿಗೆ ಯಾವ ಮುಖ ತೋರಿಸ್ಲಿ?"

"ತಪ್ಪಾಯ್ತು ಅಜ್ಜಿ."

"ತಪ್ಪೇ. ಅದ್ಸರಿ, ಆ ಹುಡುಗ ಎಲ್ಲಿ?"

"ಹೊರಟುಹೋದ್ರು."

"ಮತ್ತೆ ಇದನ್ನೆಲ್ಲ ನಮಗ್ಯಾಕೆ ಹೇಳ್ತೀಯ? ನಾನೇನು ಅವನನ್ನ ಮದುವೆ ಆಗ್ಬೇಕಾ? ಹೋಗಿ ಅವನಿಗೆ ಹೇಳು." ಅಜ್ಜಿ ದಪ್ಪನೆ ಕೂತರು. "ಮೊದ್ಲು ಹಾಡು. ಬಸ್ಸಲ್ಲಿ ಅಷ್ಟು ದೂರದಿಂದ ಬಂದಿದೀನಿ."

ಯಾರೋ ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಡಿತು. ಆ ಗದ್ದಲದಲ್ಲಿ ಹಿಂದಿನಿಂದ ಬ್ಯಾಂಜೋ ಸದ್ದು ಕೇಳಿ ರೊವೀನಾ ತಿರುಗಿದಳು. ಅಪ್ಪ. ಮುಖ ಗಂಟು ಹಾಕಿಕೊಂಡೇ ಬಂದು ತಮ್ಮ ಜಾಗದಲ್ಲಿ ನಿಂತರು. ಅವಳ ಕಡೆ ನೋಡಲಿಲ್ಲ, ಆದರೆ ಶ್ರುತಿ ಸರಿಯಾಗಿ ಕೊಟ್ಟರು.

ಮೂವರೇ ಹಾಡಿದರು. ಎಮೆಟ್ ಹಾಡಬೇಕಾದ ಕಡೆ ಯಾರೂ ಬಾಯಿ ತೆರೆಯಲಿಲ್ಲ, ಖಾಲಿ ಬಿಟ್ಟರು. ಆ ಖಾಲಿ ಎಷ್ಟು ದೊಡ್ಡದು ಎಂದು ಅವತ್ತು ಐನೂರು ಕುರ್ಚಿಗೂ ಗೊತ್ತಾಯಿತು.

ಲಾಬಿಯ ಕೊನೆಯ ಕೈ ಕುಲುಕಿದವಳೇ ರೊವೀನಾ ಚಮಕಿ ಲಂಗದಲ್ಲೇ ಟ್ರಕ್ಕು ಹತ್ತಿ ದಕ್ಷಿಣಕ್ಕೆ, ಆರ್ಕನ್ಸಾದಲ್ಲಿದ್ದ ಎಮೆಟ್ ಊರಿಗೆ ಹೊರಟಳು. ಇಡೀ ದಾರಿ ಮಾತು ಜೋಡಿಸುತ್ತ ಹೋದಳು. ಊರು ತಲುಪುವಷ್ಟರಲ್ಲಿ ಅದರಲ್ಲಿ ಒಂದೂ ನೆನಪಿರಲಿಲ್ಲ.

ನೆಟ್ಟಿ ಸ್ಟ್ರೌಡ್ ಮನೆಯ ಮುಂದಿನ ಜಗಲಿಯಲ್ಲಿ ಕೂತು ಸೇಬು ಸಿಪ್ಪೆ ತೆಗೆಯುತ್ತಿದ್ದಳು. ಆ ಹೊಳೆಯುವ ಲಂಗವನ್ನು ನೋಡಿಯೂ ಗುರುತಿಲ್ಲದವಳ ಹಾಗೆ ಕೇಳಿದಳು.

"ಯಾರು ಬೇಕಿತ್ತಮ್ಮ?"

"ಎಮೆಟ್ ಸ್ಟ್ರೌಡ್."

"ಆ ಹೆಸರಿನೋರು ನಿಮ್ಮಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ಇದ್ರು. ನಾನು ಹೇಳ್ಲಿಲ್ಲ. ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ... ಹೆದರ್ಕೊಂಡೆ." ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಇಳಿಯಿತು. "ಇವತ್ತು ಎಲ್ರ ಮುಂದೆ ಹೇಳ್ಬಂದೆ. ನಿಮ್ಮ ಹೆಸರೂ ಹೇಳ್ದೆ. ಆದ್ರೆ ನೀವು ನಿನ್ನೇನೇ ಕೇಳ್ಬೇಕಾಗಿತ್ತು. ನನ್ನ ಕ್ಷಮಿಸ್ಬಿಡಿ."

ನೆಟ್ಟಿ ಚಾಕು ಕೆಳಗಿಟ್ಟಳು.

"ಹೆತ್ತೋಳು ಮಗನ ಕೈ ಕುಲುಕಿ ಬರೋದಂದ್ರೆ ಏನು ಗೊತ್ತಾ ನಿಂಗೆ?"

"ನೀವು ಯಾಕೆ ಸುಮ್ನಿದ್ರಿ? ಅಲ್ಲೇ ಕೆನ್ನೆಗೆ ಹೊಡೀಬೋದಿತ್ತು."

"ಅವನು ನಿನ್ನ ಪಕ್ಕ ನಿಂತಿದ್ದ ರೀತಿ ನೋಡ್ದೆ," ಎಂದಳು ನೆಟ್ಟಿ. "ನಾನು ಬಾಯ್ಬಿಟ್ರೆ ಹೋಗೋದು ನಿನ್ನ ಮಾನ. ಅದು ಹೋದ್ರೆ ಅವನು ತಡ್ಕೊಳಲ್ಲ ಅನ್ನಿಸ್ತು. ಅದಕ್ಕೇ ಥ್ಯಾಂಕ್ಸ್ ಹೇಳಿ ಬಂದೆ."

ರೊವೀನಾ ಮೆಟ್ಟಿಲು ಹತ್ತಿ ಜಗಲಿಗೆ ಬಂದಳು.

ಮನೆಯ ಹಿಂದಿನಿಂದ ಸೌದೆ ಒಡೆಯುವ ಸದ್ದು ಬರುತ್ತಿತ್ತು. ನೆಟ್ಟಿ ಆ ಕಡೆ ಗಲ್ಲ ತಿರುಗಿಸಿದಳು.

"ಊಟಕ್ಕೆ ಹೊತ್ತಾಯ್ತು. ನಾನು ಕರಿಯಲ್ಲ, ನೀನೇ ಕರಿ. ಗಟ್ಟಿಯಾಗಿ ಕರಿ, ಪಕ್ಕದ ಮನೆಯೋರಿಗೂ ಕೇಳ್ಬೇಕು."

ರೊವೀನಾ ಕಣ್ಣು ಒರೆಸಿಕೊಂಡಳು. ಉಸಿರು ತುಂಬಿಕೊಂಡಳು. ಮೈಕಿಲ್ಲದೆ ಥಿಯೇಟರು ತುಂಬುವ ದನಿ ಅದು.

"ಎಮೆಟ್ ಸ್ಟ್ರೌಡ್!"

ಕೊಡಲಿಯ ಸದ್ದು ನಿಂತಿತು.

ಅವನು ಮನೆಯ ಮೂಲೆ ತಿರುಗಿ ಬಂದ. ತೋಳು ಮಡಚಿದ ಹಳೆಯ ಅಂಗಿ, ಕೂದಲ ತುಂಬ ಮರದ ಪುಡಿ. ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟ. ನೆಟ್ಟಿ ಸೇಬಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ.

"ಶೋ ಇಲ್ವಾ ಇವತ್ತು?" ಎಂದ ಕೊನೆಗೆ.

"ಮುಗಿಸ್ಕೊಂಡೇ ಬಂದೆ. ನಿನ್ನ ಭಾಗ ಯಾರೂ ಹಾಡ್ಲಿಲ್ಲ, ಹಾಗೇ ಬಿಟ್ವಿ." ಅವಳು ಒಂದು ಮೆಟ್ಟಿಲು ಇಳಿದಳು. "ನೀನು ಯಾರು ಅಂತ ಎಲ್ರಿಗೂ ಹೇಳ್ದೆ. ಕೆಲವರು ಎದ್ದುಹೋದ್ರು."

"ಮುಂದಿನ ವರ್ಷದ ಬಸ್ಸು?"

"ಬಂದ್ರೆ ಬರ್ತವೆ. ಬರ್ದಿದ್ರೆ ಬಂದಷ್ಟು ಜನಕ್ಕೆ ಹಾಡೋದು. ನಾನಂತೂ ಬಾಗಿಲು ಹಾಕಲ್ಲ." ಇನ್ನೊಂದು ಮೆಟ್ಟಿಲು ಇಳಿದಳು. "ಇನ್ನೊಂದು ಮಾತೂ ಹೇಳ್ದೆ ಅವರಿಗೆ. ಮೊದ್ಲು ನಿಂಗೆ ಹೇಳ್ಬೇಕಿತ್ತು ಅಂತ ಆರ್ಡಿತ್ ಅಜ್ಜಿ ಬೈದ್ರು."

"ಏನದು?"

"ನಿನ್ನನ್ನ ಪ್ರೀತಿಸ್ತೀನಿ ಅಂತ."

ಎಮೆಟ್ ಕೈಯಲ್ಲಿದ್ದ ಕೈಗವಸು ಕಳಚಿದ. ಹತ್ತಿರ ಬಂದ. ಅವಳ ಕೆನ್ನೆಯ ಮೇಲೆ ಇಳಿದಿದ್ದ ಕಾಡಿಗೆಯನ್ನು ಹೆಬ್ಬೆರಳಲ್ಲಿ ಒರೆಸಿದ.

"ನಾನು ನಿನ್ನ ಮಾತು ಕೇಳ್ದೆ ಬಂದ್ಬಿಟ್ಟೆ," ಎಂದ. "ಹೇಳೋ ಮನಸ್ಸಿರ್ಲಿಲ್ಲ ಅಂತ ಅಂದ್ಕೊಂಡೆ."

"ಮನಸ್ಸಿತ್ತು. ಧೈರ್ಯ ಇರ್ಲಿಲ್ಲ. ಈಗ ಎರಡೂ ಇದೆ. ನಾಳೆ ಹತ್ತು ಗಂಟೆಗೆ ಬರ್ತೀಯಾ?"

"ಏನಂತ ಕರೀತೀಯ ನನ್ನ?"

"ಎಮೆಟ್ ಸ್ಟ್ರೌಡ್ ಅಂತ."

"ನಿಂಗೆ ಏನಾಗ್ಬೇಕು ಅಂತ ಜನ ಕೇಳಿದ್ರೆ?"

ಅವಳು ನಕ್ಕಳು, ಅಳುತ್ತಲೇ. ಅವನ ಅಂಗಿಯ ಕೊರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಸಲ ದಾರಿಯ ಕಡೆ ಅವಳ ಕಣ್ಣು ಹೋಗಲೇ ಇಲ್ಲ.

"ನೀನು ಒಪ್ಪಿದ್ರೆ, ಗಂಡ ಆಗ್ಬೇಕು ಅಂತೀನಿ."

"ಐನೂರು ಜನದ ಮುಂದೆ?"

"ಮೊದ್ಲು ನಿಮ್ಮಮ್ಮನ ಮುಂದೆ."

"ನಂಗೆ ಆಗ್ಲೇ ಕೇಳಿಸ್ತು," ಎಂದಳು ಒಳಗಿನಿಂದ ನೆಟ್ಟಿ. "ಅವನೇನಂದ ಅದೊಂದು ಕೇಳಿಸ್ಲಿಲ್ಲ."

ಎಮೆಟ್ ಅವಳ ಹಣೆಗೆ ಹಣೆ ತಾಗಿಸಿದ.

"ಹೂಂ ಅಂದೆ ಅಮ್ಮಾ," ಎಂದ, ಪಕ್ಕದ ಮನೆಯವರಿಗೂ ಕೇಳುವ ಹಾಗೆ.